ಎಸ್‌ಯುವಿ ಹಿಂದೆ ಬೈಕು: ರ‍್ಯಾಕ್ ತಡೆಯುತ್ತದೆ, ಕಾರು ತಡೆಯುತ್ತದಾ?

ಪ್ರಶ್ನೆ: ನನ್ನ ಹತ್ತಿರ ಮಧ್ಯಮ ಗಾತ್ರದ ಎಸ್‌ಯುವಿ ಇದೆ. ಎಂಜಿನ್ ಮುಂದಿನ ಚಕ್ರಗಳನ್ನು ಓಡಿಸುತ್ತದೆ. ಹಿಂದೆ 2 ಇಂಚಿನ ಹಿಚ್ (ಟ್ರೇಲರ್ ಅಥವಾ ರ‍್ಯಾಕ್ ಸಿಕ್ಕಿಸುವ ಕೊಳವೆ) ಕೂರಿಸಿದ್ದೇನೆ. ಅದರ ಪಟ್ಟಿಯ ಮೇಲೆ ಎಳೆಯುವ ಭಾರ 1,588 ಕೆ.ಜಿ., ಕೆಳಗೆ ಒತ್ತುವ ಭಾರ 159 ಕೆ.ಜಿ. ಎಂದಿದೆ. ಕಾರಿನ ಕೈಪಿಡಿಯಲ್ಲೂ ಅದೇ ಅಂಕಿ. ರಸ್ತೆಗೂ ಮಣ್ಣಿನ ದಾರಿಗೂ ಆಗುವ ನನ್ನ ಡ್ಯುಯಲ್ ಸ್ಪೋರ್ಟ್ ಬೈಕಿಗೆ ಕಂಪನಿ ಹೇಳುವ ತೂಕ 138 ಕೆ.ಜಿ. ಅದನ್ನು ಹೊರಲು 227 ಕೆ.ಜಿ. ತಡೆಯುವ ಸ್ಟೀಲ್ ರ‍್ಯಾಕ್ ತಂದಿದ್ದೇನೆ. ರ‍್ಯಾಕೇ 34 ಕೆ.ಜಿ. ಇದೆ. ಒಮ್ಮೆ ಬೈಕು ಹೇರಿ ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬಂದೆ. ಕಾರಿನ ಮೂತಿ ಮೇಲೆದ್ದ ಹಾಗಿತ್ತು, ಸ್ಟೀರಿಂಗ್ ಹಗುರಾಯಿತು, ಕನ್ನಡಿಯಲ್ಲಿ ಬೈಕು ತೂಗಾಡುವುದು ಕಾಣುತ್ತಿತ್ತು. ಒಬ್ಬ ಗೆಳೆಯ ‘ರ‍್ಯಾಕ್ 227 ತಡೆಯುತ್ತೆ, ಚಿಂತೆ ಬಿಡು’ ಅಂತಾನೆ. ಇನ್ನೊಬ್ಬ ‘ಹಿಂದಿನ ಸ್ಪ್ರಿಂಗ್‌ಗೆ ಏರ್ ಬ್ಯಾಗ್ ಹಾಕಿಸು, ಸರಿಹೋಗುತ್ತೆ’ ಅಂತಾನೆ. ಸ್ಟ್ರಾಪ್ ಇನ್ನೂ ಬಿಗಿ ಮಾಡಿದರೆ ಅಲುಗಾಟ ನಿಲ್ಲುತ್ತದಾ? ಹಾಗೆ ಬಿಗಿದರೆ ಬೈಕಿನ ಫೋರ್ಕ್ (ಮುಂಚಕ್ರ ಹಿಡಿದಿರುವ, ಸ್ಪ್ರಿಂಗ್ ಇರುವ ಕಾಲುಗಳು) ಹಾಳಾಗುತ್ತದಾ? ನಾವಿಬ್ಬರು, ಒಂದಿಷ್ಟು ಸಾಮಾನು, ಹೆದ್ದಾರಿಯಲ್ಲಿ ದೂರದ ಪ್ರಯಾಣ. ಹೋಗಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಈ ಕಾರಿಗೆ ಈ ರ‍್ಯಾಕ್ ಮೇಲೆ ಈ ಬೈಕು ಬೇಡ. ಹೆದ್ದಾರಿಗಂತೂ ಬೇಡವೇ ಬೇಡ. ಬೈಕನ್ನು ಮನೆಯಲ್ಲೇ ಬಿಟ್ಟು ಹೋಗಿ ಅಂತ ನಾನು ಹೇಳುತ್ತಿಲ್ಲ. ಇದೇ ಕಾರು, ಇದೇ ಹಿಚ್ ಇಟ್ಟುಕೊಂಡೇ ಬೈಕು ಒಯ್ಯುವ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಆ ಒಂದು ಸುತ್ತಿನ ಬಗ್ಗೆ ಮಾತಾಡೋಣ. ಅಲ್ಲಿ ನೀವು ಗಮನಿಸಿದ ಮೂರೂ ವಿಷಯ ಸರಿ: ಮೂತಿ ಎದ್ದಿದ್ದು, ಸ್ಟೀರಿಂಗ್ ಹಗುರಾಗಿದ್ದು, ಬೈಕು ತೂಗಿದ್ದು. ಎಷ್ಟೋ ಜನ ಇದನ್ನೆಲ್ಲ ಕಂಡರೂ ‘ಅಭ್ಯಾಸ ಆದರೆ ಸರಿಹೋಗುತ್ತೆ’ ಅಂದುಕೊಂಡು ಹೊರಟುಬಿಡುತ್ತಾರೆ. ನೀವು ನಿಂತು ಕೇಳಿದ್ದೀರಿ. ಒಳ್ಳೆಯದಾಯಿತು.

ತೂಕದಿಂದ ಶುರು ಮಾಡೋಣ. ಬೈಕಿನ ತೂಕವನ್ನು ಕಂಪನಿಗಳು ಎರಡು ರೀತಿ ಹೇಳುತ್ತವೆ. ಪೆಟ್ರೋಲ್, ಆಯಿಲ್ ಏನೂ ಇಲ್ಲದ ಒಣ ತೂಕ ಒಂದು. ಎಲ್ಲ ತುಂಬಿ ಓಡಿಸಲು ಸಿದ್ಧವಾದ ತೂಕ ಇನ್ನೊಂದು. ನಿಮ್ಮ 138 ಯಾವುದು ಅಂತ ನೋಡಿಕೊಳ್ಳಿ. ಒಣ ತೂಕವಾದರೆ ಅದಕ್ಕೆ ಪೆಟ್ರೋಲ್ ಸೇರಿಸಬೇಕು. ಲೀಟರಿಗೆ ಮುಕ್ಕಾಲು ಕೆ.ಜಿ. ಲೆಕ್ಕದಲ್ಲಿ 10 ಲೀಟರಿಗೆ ಏಳೂವರೆ ಕೆ.ಜಿ. ಆಯಿತು. ಎಂಜಿನ್ ಆಯಿಲ್, ಕೂಲೆಂಟ್ ಬೇರೆ. ನೀವೇ ಹಾಕಿಸಿದ ಎಂಜಿನ್ ಗಾರ್ಡ್, ಹ್ಯಾಂಡ್ ಗಾರ್ಡ್, ಹಿಂದಿನ ಕ್ಯಾರಿಯರ್ ಇದ್ದರೆ ಅವೂ ಸೇರಬೇಕು. ಒಟ್ಟು 155 ಕೆ.ಜಿ. ಹತ್ತಿರ ಬಂದರೆ ಆಶ್ಚರ್ಯ ಇಲ್ಲ. ಅದಕ್ಕೆ ರ‍್ಯಾಕ್‌ನ 34, ರ‍್ಯಾಂಪ್ ಮತ್ತು ಸ್ಟ್ರಾಪ್‌ಗಳ ಸುಮಾರು 6 ಸೇರಿಸಿ: 195 ಕೆ.ಜಿ. ನಿಮ್ಮ ಹಿಚ್ ತಡೆಯುವುದು 159. ಒಂದು ವೇಳೆ 138 ಅನ್ನುವುದೇ ಎಲ್ಲ ತುಂಬಿದ ತೂಕ ಅಂತಿಟ್ಟುಕೊಂಡರೂ 178 ಆಗುತ್ತದೆ. ಹೇಗೆ ಲೆಕ್ಕ ಹಾಕಿದರೂ ಮಿತಿ ದಾಟಿತು.

ಊಹೆ ಬೇಡ ಅನ್ನಿಸಿದರೆ ಮನೆಯ ತೂಕದ ಯಂತ್ರದಲ್ಲೇ ಅಳೆಯಬಹುದು. ಮುಂದಿನ ಚಕ್ರದ ಕೆಳಗೆ ಯಂತ್ರ ಇಡಿ, ಹಿಂದಿನ ಚಕ್ರದ ಕೆಳಗೆ ಅಷ್ಟೇ ದಪ್ಪದ ಹಲಗೆ. ಬೈಕು ನೇರವಾಗಿ ನಿಲ್ಲುವ ಹಾಗೆ ಒಬ್ಬರು ಬರೀ ಆಧಾರಕ್ಕೆ ಹಿಡಿದುಕೊಳ್ಳಲಿ. ಓದಿ ಬರೆದುಕೊಳ್ಳಿ. ಆಮೇಲೆ ಯಂತ್ರವನ್ನೂ ಹಲಗೆಯನ್ನೂ ಅದಲುಬದಲು ಮಾಡಿ ಇನ್ನೊಮ್ಮೆ ಓದಿ. ಎರಡನ್ನೂ ಕೂಡಿಸಿದರೆ ಬೈಕಿನ ತೂಕ.

ಈಗ ‘ರ‍್ಯಾಕ್ 227 ತಡೆಯುತ್ತೆ’ ಅನ್ನುವ ಮಾತು. ನಿಮ್ಮ ಗೆಳೆಯ ಸುಳ್ಳು ಹೇಳಿಲ್ಲ. ರ‍್ಯಾಕ್ ತಡೆಯುತ್ತದೆ. ಆದರೆ 227 ಅನ್ನುವುದು ರ‍್ಯಾಕ್‌ನ ಕಬ್ಬಿಣದ ಲೆಕ್ಕ. ನಿಮ್ಮ ಹಿಚ್ ಎಷ್ಟು ಹೊರುತ್ತದೆ, ಆ ಹಿಚ್ ಬೋಲ್ಟ್ ಆಗಿರುವ ಕಾರಿನ ತಗಡು ಎಷ್ಟು ಹೊರುತ್ತದೆ ಅನ್ನುವುದು ರ‍್ಯಾಕ್ ಮಾಡಿದವರಿಗೆ ಗೊತ್ತಿರುವುದಿಲ್ಲ. ರ‍್ಯಾಕ್, ಹಿಚ್, ಕಾರಿನ ಚಾಸಿ, ಹಿಂದಿನ ಆಕ್ಸಲ್, ಹಿಂದಿನ ಟೈರ್, ಈ ಐದರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ತಡೆಯುತ್ತದೋ ಅದೇ ನಿಮ್ಮ ಮಿತಿ. ದೊಡ್ಡ ಹಿಚ್ ಹಾಕಿಸಿದರೂ ಕಾರಿನ ಕೈಪಿಡಿಯ ಅಂಕಿ ಬದಲಾಗುವುದಿಲ್ಲ.

ಹಿಚ್‌ನ ತೂತಿನ ಅಳತೆ ನೋಡಿ ಮೋಸ ಹೋಗುವವರೂ ಬಹಳ. ಹಳೆಯ ಲೆಕ್ಕ ಹೀಗಿತ್ತು: ಒಂದೂಕಾಲು ಇಂಚಿನ ತೂತು ಅಂದರೆ ಕ್ಲಾಸ್ 1 ಅಥವಾ 2, ಕೆಳಗೆ ಒತ್ತುವ ಭಾರ 90 ಅಥವಾ 159 ಕೆ.ಜಿ. ತನಕ. 2 ಇಂಚು ಅಂದರೆ ಕ್ಲಾಸ್ 3, ಅದು 363 ಕೆ.ಜಿ. ತನಕವೂ ಹೋಗಬಹುದು. ಈಗ ಸಣ್ಣ ಗಾಡಿಗಳಿಗೂ 2 ಇಂಚಿನ ತೂತಿನ ಹಿಚ್ ಬರುತ್ತದೆ. ಯಾಕೆಂದರೆ ಆ ಅಳತೆಯ ರ‍್ಯಾಕ್‌ಗಳು ಜಾಸ್ತಿ ಸಿಗುತ್ತವೆ. ಏನು ಸಿಕ್ಕಿಸಬಹುದು ಅನ್ನುವುದನ್ನಷ್ಟೇ ತೂತು ಹೇಳುತ್ತದೆ. ಎಷ್ಟು ಹೇರಬಹುದು ಅನ್ನುವುದನ್ನು ಹಿಚ್ ಮೇಲಿನ ಪಟ್ಟಿ ಮತ್ತು ಕಾರಿನ ಕೈಪಿಡಿ ಹೇಳುತ್ತವೆ. ಎರಡರಲ್ಲಿ ಕಡಿಮೆ ಇರುವುದನ್ನು ತಗೊಳ್ಳಿ. ಕೆಲವು ಕೈಪಿಡಿಗಳಲ್ಲಿ ಹಿಚ್ ಮೇಲೆ ಹೊರುವ ರ‍್ಯಾಕ್‌ಗೇ ಬೇರೆ, ಇನ್ನೂ ಕಡಿಮೆ ಅಂಕಿ ಕೊಟ್ಟಿರುತ್ತಾರೆ. ಅದಿದ್ದರೆ ಅದೇ ಕೊನೆಯ ಮಾತು.

ಆ 159 ಕೂಡ ಟ್ರೇಲರ್ ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟ ಅಂಕಿ. ಟ್ರೇಲರ್ ಎಳೆಯುವಾಗ ಭಾರ ಒಂದು ಗುಂಡಿನ ಮೇಲೆ ಕೂರುತ್ತದೆ. ಆ ಗುಂಡು, ಕೊಳವೆಯೊಳಗಿನ ದಂಡವನ್ನು ಜಾರದಂತೆ ಹಿಡಿಯುವ ಹಿಚ್ ಪಿನ್‌ನಿಂದ ಸಾಮಾನ್ಯವಾಗಿ 15ರಿಂದ 25 ಸೆಂ.ಮೀ. ಹಿಂದೆ ಇರುತ್ತದೆ. ಗುಂಡಿನ ಮೇಲೆ ಟ್ರೇಲರ್ ಅತ್ತಿತ್ತ ತಿರುಗುತ್ತದೆ, ಮೇಲೆ ಕೆಳಗೆ ಆಡುತ್ತದೆ. ಹಾಗಾಗಿ ಹಿಚ್ ಅನ್ನು ಅದು ತಿರುಚುವುದಿಲ್ಲ. ಬೈಕ್ ರ‍್ಯಾಕ್ ಹಾಗಲ್ಲ. ಬೈಕಿನ ನಡು ಪಿನ್‌ನಿಂದ 40–50 ಸೆಂ.ಮೀ. ಹಿಂದೆ ಇರುತ್ತದೆ, ಮತ್ತು ಇಡೀ ರ‍್ಯಾಕ್ ಒಂದೇ ಕೊಳವೆಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ. ತುಂಬಿದ ಬಕೆಟ್ಟನ್ನು ಮೈಗೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಲೆಕ್ಕ ಬೇಕಾದರೆ ನೋಡಿ. 159 ಕೆ.ಜಿ.ಯನ್ನು 25 ಸೆಂ.ಮೀ. ದೂರದಲ್ಲಿ ಹೇರಿದರೆ ಪಿನ್ ಹತ್ತಿರ ಬಾಗಿಸುವ ಬಲ ಸುಮಾರು 40 ಕೆ.ಜಿ.-ಮೀಟರ್. ನಿಮ್ಮ 195 ಕೆ.ಜಿ.ಯನ್ನು 45 ಸೆಂ.ಮೀ. ದೂರದಲ್ಲಿ ಹೇರಿದರೆ ಹತ್ತಿರ ಹತ್ತಿರ 88. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಹಿಚ್ ಉದ್ದ ಮಾಡುವ ಎಕ್ಸ್‌ಟೆನ್ಷನ್ ಸಿಗುತ್ತದಲ್ಲ, ಅದನ್ನು ಹಾಕಿದರೆ ಭಾರ ತಡೆಯುವ ಮಿತಿ ಅರ್ಧಕ್ಕೆ ಇಳಿಯುತ್ತದೆ ಅಂತ ಅದನ್ನು ಮಾಡುವವರೇ ಹೇಳುವುದು ಇದೇ ಕಾರಣಕ್ಕೆ.

ಇದೆಲ್ಲ ಕಾರು ನಿಂತಾಗಿನ ಲೆಕ್ಕ. ಓಡುವಾಗ ರಸ್ತೆ ಉಬ್ಬಿನ ಮೇಲೆ ಹತ್ತಿ ಧಡ್ ಅಂತ ಇಳಿದರೆ ಆ ಕ್ಷಣಕ್ಕೆ 195 ಕೆ.ಜಿ. ಎರಡರಷ್ಟಾಗಿ ಎಳೆಯಬಹುದು. ಒಂದೇ ಸಲಕ್ಕೆ ಮುರಿದುಬೀಳುವುದು ಕಡಿಮೆ. ಸಾವಿರಾರು ಸಣ್ಣ ಕುಲುಕಾಟಗಳಿಂದ ಲೋಹ ದಣಿದು, ಬಿರುಕು ಬಿಟ್ಟು, ಒಂದು ದಿನ ಸುಮ್ನೆ ಹೋಗುತ್ತಿದ್ದಾಗ ಕಳಚಿಕೊಳ್ಳುವುದೇ ಜಾಸ್ತಿ. ಹಿಂದೆ ಬರುತ್ತಿರುವವರ ಮುಂದೆ 150 ಕೆ.ಜಿ. ಬೈಕು ರಸ್ತೆಗೆ ಬಿದ್ದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಿಚ್ ಕೆಲಸದಲ್ಲಿರುವ ನನಗೆ ಪ್ರತಿ ಸಲ ಮೊದಲು ನೆನಪಾಗುವುದು ಆ ಹಿಂದಿನ ಗಾಡಿಯವರೇ.

ಸ್ಟೀರಿಂಗ್ ಯಾಕೆ ಹಗುರಾಯಿತು ಅನ್ನುವುದು ಇದರಲ್ಲಿ ಎಲ್ಲಕ್ಕಿಂತ ಮುಖ್ಯ, ಆದರೆ ಯಾರೂ ಮಾತಾಡದ ಸಂಗತಿ. ಹಿಂದಿನ ಆಕ್ಸಲ್‌ನ ಆಚೆಗೆ ಭಾರ ಹೇರಿದಾಗ ಆಕ್ಸಲ್ ಏರಿಳಿಯುವ ಹಲಗೆಯ ನಡುವಿನ ಆಧಾರದ ಹಾಗಾಗುತ್ತದೆ. ಅದರ ಮೇಲೆ ಕಾರಿನ ಬಾಲ ಕೆಳಗೆ, ಮೂತಿ ಮೇಲೆ. ನಿಮ್ಮ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2.7 ಮೀ. ಅಂತ ಇಟ್ಟುಕೊಳ್ಳೋಣ. ಹಿಂದಿನ ಆಕ್ಸಲ್‌ನಿಂದ ಬೈಕಿನ ನಡುವಿಗೆ ಸುಮಾರು 1.5 ಮೀ. 195ನ್ನು 1.5ರಿಂದ ಗುಣಿಸಿ 2.7ರಿಂದ ಭಾಗಿಸಿ: 108 ಕೆ.ಜಿ. ಮುಂದಿನ ಚಕ್ರಗಳ ಮೇಲಿಂದ ಅಷ್ಟು ಭಾರ ಎದ್ದುಹೋಯಿತು. ಹಿಂದಿನ ಆಕ್ಸಲ್‌ಗೆ ಬಂದದ್ದು 195 ಅಲ್ಲ, 195 ಮತ್ತು 108 ಸೇರಿ 303 ಕೆ.ಜಿ.

ನಿಮ್ಮ ಕಾರನ್ನು ಎಳೆಯುವುದು ಮುಂದಿನ ಚಕ್ರ. ತಿರುಗಿಸುವುದೂ ಅದೇ. ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಮಾಡುವುದೂ ಅದೇ. ಅದರ ಮೇಲಿನ ಹಿಡಿತ ಇಷ್ಟು ಕಡಿಮೆಯಾದರೆ ಒಣ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಬರೀ ಸ್ಟೀರಿಂಗ್ ಹಗುರ ಅನ್ನಿಸುತ್ತದೆ. ಮಳೆಯಲ್ಲಿ, ವೇಗದಲ್ಲಿ, ತಿರುವಿನಲ್ಲಿ ಅಡ್ಡ ಏನಾದರೂ ಬಂದಾಗ ಕಾರು ನೀವು ಹೇಳಿದ ಕಡೆ ತಿರುಗುವುದಿಲ್ಲ. ಎದುರಿಗೆ ಬರುವವರಿಗೆ ನಿಮ್ಮ ಹೆಡ್‌ಲೈಟ್ ಕಣ್ಣಿಗೇ ಹೊಡೆಯುವುದೂ ಮೂತಿ ಎದ್ದಿದ್ದರಿಂದಲೇ.

ಏರ್ ಬ್ಯಾಗ್ ಸಲಹೆ ಇಲ್ಲಿಗೇ ಬಂದು ನಿಲ್ಲುತ್ತದೆ. ಹಿಂದಿನ ಸ್ಪ್ರಿಂಗ್ ಒಳಗೆ ಕೂರುವ ಆ ಚೀಲಕ್ಕೆ ಗಾಳಿ ತುಂಬಿದರೆ ಬಾಲ ಮೇಲೆ ಬರುತ್ತದೆ, ಕಾರು ಮಟ್ಟಸವಾಗಿ ಕಾಣುತ್ತದೆ, ಹೆಡ್‌ಲೈಟ್ ಸರಿಯಾಗುತ್ತದೆ, ಹಿಂದೆ ಕುಕ್ಕುವುದು ಕಡಿಮೆಯಾಗುತ್ತದೆ. ಇಷ್ಟೂ ನಿಜ. ಆದರೆ ಮುಂದಿನ ಚಕ್ರದಿಂದ ಎದ್ದುಹೋದ 108 ಕೆ.ಜಿ. ವಾಪಸ್ ಬರುವುದಿಲ್ಲ. ಭಾರ ಎಲ್ಲಿತ್ತೋ ಅಲ್ಲೇ ಇದೆ, ಆಕ್ಸಲ್ ಎಲ್ಲಿತ್ತೋ ಅಲ್ಲೇ ಇದೆ. ಕಣ್ಣಿಗೆ ಮಾತ್ರ ಎಲ್ಲ ಸರಿಯಾದ ಹಾಗೆ. ನನಗೆ ಇದು ಹೆಚ್ಚು ಭಯದ ವಿಷಯ, ಯಾಕೆಂದರೆ ಮೂತಿ ಎದ್ದಿರುವುದು ಕಂಡರೆ ಓಡಿಸುವವರು ಸ್ವಲ್ಪ ಹುಷಾರಾಗಿರುತ್ತಾರೆ. ಮಿತಿಯೊಳಗೇ ಭಾರ ಇದ್ದು, ಕಾರು ಸ್ವಲ್ಪ ಕುಸಿಯುತ್ತಿದ್ದರೆ ಏರ್ ಬ್ಯಾಗ್ ಒಳ್ಳೆಯ ಸಾಮಾನು. ಮಿತಿ ದಾಟಿದ್ದನ್ನು ಸರಿಮಾಡಲು ಅಲ್ಲ.

ಕಾರಿನ ಹಿಂಭಾಗ ಉದ್ದ ಇದ್ದಷ್ಟೂ ಇದು ಹದಗೆಡುತ್ತದೆ. ಮೋಟಾರ್‌ಹೋಮ್ ಹಿಂದೆ ಸ್ಕೂಟರ್ ನೇತುಹಾಕುವವರು ಇದನ್ನು ಗಮನಿಸಬೇಕು. ಅಲ್ಲಿ ಹಿಂದಿನ ಆಕ್ಸಲ್‌ನಿಂದ ಬಂಪರ್‌ಗೇ 2 ಮೀಟರಿಗಿಂತ ಜಾಸ್ತಿ ಇರಬಹುದು. ಗಾಡಿ ದೊಡ್ಡದು, ತಡೆಯುತ್ತೆ ಅನ್ನುವ ನಂಬಿಕೆ ಅಲ್ಲಿ ಕೈಕೊಡುತ್ತದೆ.

ಬೈಕು ತೂಗಾಡಿದ್ದರ ಬಗ್ಗೆ. ಸ್ಟ್ರಾಪ್ ಬಿಗಿ ಮಾಡಿದರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಅಲುಗಾಟ ಎಲ್ಲಿಂದ ಬರುತ್ತಿದೆ ಅನ್ನುವುದರ ಮೇಲೆ ಅದು ನಿಂತಿದೆ. ಪತ್ತೆ ಮಾಡುವುದು ಸುಲಭ. ಬೈಕು ಹೇರಿ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಹಿಂದೆ ಬಂದು ಬೈಕಿನ ಸೀಟು ಹಿಡಿದು ಮೆಲ್ಲಗೆ ಕಾರಿನ ಕಡೆ ತಳ್ಳಿ, ನಿಮ್ಮ ಕಡೆ ಎಳೆಯಿರಿ. ಆಮೇಲೆ ಹ್ಯಾಂಡಲ್ ಹಿಡಿದು ಆ ತುದಿಯನ್ನು ಕೆಳಗೆ ಒತ್ತಿ ಬಿಡಿ. ಇನ್ನೊಬ್ಬರು ಬಗ್ಗಿ ಕೂತು ಹಿಚ್ ನೋಡಲಿ. ರ‍್ಯಾಕ್ ನಿಂತಲ್ಲೇ ಇದ್ದು ಬೈಕು ಮಾತ್ರ ಆಡಿದರೆ ಸ್ಟ್ರಾಪ್‌ನ ಸಮಸ್ಯೆ. ರ‍್ಯಾಕ್‌ನ ದಂಡ ಹಿಚ್ ಕೊಳವೆಯೊಳಗೆ ಟಕ್ ಟಕ್ ಅಂತ ಆಡಿದರೆ ಅಲ್ಲಿ ಸಂದು ಇದೆ. ದಂಡ ಒಳಗೆ ಹೋಗಬೇಕಲ್ಲ, ಹಾಗಾಗಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಕೊಳವೆಯ ಸುತ್ತ ಯು-ಬೋಲ್ಟ್ ಹಾಕಿ ಬಿಗಿಯುವ ಕ್ಲಾಂಪ್ ಸಿಗುತ್ತದೆ, ಅದು ಈ ಸಂದನ್ನು ಮುಚ್ಚುತ್ತದೆ. ಹಿಚ್ ಮತ್ತು ರ‍್ಯಾಕ್ ಒಂದೇ ತುಂಡಿನ ಹಾಗಿದ್ದು ಇಡೀ ಕಾರು ಆಡಿದರೆ ಅದು ಸಸ್ಪೆನ್ಷನ್. ಇನ್ನೊಂದು ಸಾಧ್ಯತೆ ಇದೆ: ಬಂಪರ್ ನಿಂತಲ್ಲೇ ಇದ್ದು ಹಿಚ್‌ನ ಅಡ್ಡ ಕೊಳವೆಯೇ ತಿರುಚಿಕೊಳ್ಳುವುದು. ಅದು ಕಂಡರೆ ಆ ಕಾರನ್ನು ಬೈಕು ಸಮೇತ ಒಂದು ಅಡಿಯೂ ಓಡಿಸಬೇಡಿ. ಬೈಕು ಇಳಿಸಿ, ಹಿಚ್‌ನ ಬೋಲ್ಟ್‌ಗಳನ್ನೂ ಅವು ಕೂತಿರುವ ತಗಡನ್ನೂ ತಿಳಿದವರ ಹತ್ತಿರ ತೋರಿಸಿ.

ಕ್ಲಾಂಪ್ ಹಾಕಿದ್ದರಿಂದ ಅಲುಗಾಟ ನಿಂತರೆ ಭಾರ ತಡೆಯುವ ಶಕ್ತಿ ಹೆಚ್ಚಿತು ಅಂತ ಅಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಹಾಗೆ ಅಂದುಕೊಂಡವರನ್ನು ತುಂಬ ನೋಡಿದ್ದೇನೆ.

ಹಾಗಾದರೆ ಏನು ಮಾಡಬಹುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದೇ ಬೈಕಿನ ಸಣ್ಣ ಟ್ರೇಲರ್ ತಗೊಳ್ಳುತ್ತಿದ್ದೆ, ಅಥವಾ ಬಾಡಿಗೆಗೆ ತರುತ್ತಿದ್ದೆ. ಟ್ರೇಲರ್ 150 ಕೆ.ಜಿ., ಬೈಕು 155, ಸ್ಟ್ರಾಪ್ ಎಲ್ಲ ಸೇರಿ 310 ಕೆ.ಜಿ. ಅಂತಿಟ್ಟುಕೊಳ್ಳಿ. ರ‍್ಯಾಕ್‌ಗಿಂತ ಎಷ್ಟು ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಆ ಭಾರವನ್ನು ಹೊರುವುದು ಟ್ರೇಲರ್‌ನ ಸ್ವಂತ ಚಕ್ರಗಳು. ಹಿಚ್ ಮೇಲೆ ಕೂರಬೇಕಾದ್ದು ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ, ಅಂದರೆ 31 ಕೆ.ಜಿ. ನಿಮ್ಮ ಮುಂದಿನ ಚಕ್ರಗಳಿಂದ ಏಳುವುದು 108 ಅಲ್ಲ, ಸುಮಾರು 15 ಕೆ.ಜಿ. ಅಷ್ಟೇ. ನಿಮ್ಮ ಹಿಚ್ 1,588 ಕೆ.ಜಿ. ಎಳೆಯಬಲ್ಲದು. ಅದು ತಯಾರಾಗಿರುವುದೇ ಈ ಕೆಲಸಕ್ಕೆ.

ಟ್ರೇಲರ್‌ಗೆ ಅದರದ್ದೇ ತೊಂದರೆಗಳಿವೆ. ಹಿಮ್ಮುಖ ಹೋಗುವುದನ್ನು ಖಾಲಿ ಮೈದಾನದಲ್ಲಿ ಕಲಿತೇ ಹೊರಡಬೇಕು. ವೇಗದ ಮಿತಿ ಕೆಲವು ದೇಶಗಳಲ್ಲಿ ಬೇರೆ ಇರುತ್ತದೆ. ನಿಲ್ಲಿಸಲು ಜಾಗ ಬೇಕು. ಚಕ್ರ ಚಿಕ್ಕದು, ಹಾಗಾಗಿ ಬೇರಿಂಗ್‌ಗೆ ಗ್ರೀಸ್ ಇದೆಯಾ, ಟೈರಿನಲ್ಲಿ ಗಾಳಿ ಇದೆಯಾ ಅಂತ ನೋಡಿಕೊಳ್ಳುತ್ತಿರಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯ ಬೈಕನ್ನು ತೀರಾ ಹಿಂದಕ್ಕೆ ಇಟ್ಟು ಹಿಚ್ ಮೇಲಿನ ಭಾರ ಕಡಿಮೆಯಾಗುವುದು. ಆಗ ವೇಗದಲ್ಲಿ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ, ಆ ಬೀಸು ತಾನಾಗಿ ಬೆಳೆಯುತ್ತಾ ಕಾರನ್ನೂ ಎಳೆದಾಡುತ್ತದೆ. ಅದೇ ಮನೆಯ ತೂಕದ ಯಂತ್ರವನ್ನು ಟ್ರೇಲರ್‌ನ ಮೂತಿಯ ಕೆಳಗೆ, ಹಿಚ್‌ನ ಎತ್ತರಕ್ಕೆ ಮರದ ತುಂಡು ಕೊಟ್ಟು ಇಟ್ಟು ನೋಡಿ. 30ರ ಆಸುಪಾಸು ಬರುವ ತನಕ ಬೈಕಿನ ಮುಂಚಕ್ರವನ್ನು ಹಿಡಿದು ನಿಲ್ಲಿಸುವ ಚಾಕ್ ಹಿಂದೆ ಮುಂದೆ ಸರಿಸಿ.

ಬೇರೆ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ಪಿಕಪ್ ಅಥವಾ ವ್ಯಾನ್ ಸಿಗುವುದಾದರೆ ಬೈಕು ಒಳಗೇ, ಆಕ್ಸಲ್‌ನ ಹತ್ತಿರವೇ ಕೂರುತ್ತದೆ. ಅದಕ್ಕಿಂತ ನೆಮ್ಮದಿ ಇನ್ನೊಂದಿಲ್ಲ, ರ‍್ಯಾಂಪ್ ಹತ್ತಿಸುವ ಕಷ್ಟ ಮಾತ್ರ. ಇದೇ ರ‍್ಯಾಕ್ ಬಳಸಲೇಬೇಕೆಂದರೆ ಕೆಳಗೆ ಒತ್ತುವ ಭಾರ 300 ಕೆ.ಜಿ. ಮೇಲಿರುವ, ಬಾಡಿಯಿಂದ ಪ್ರತ್ಯೇಕವಾದ ಚಾಸಿ ಇರುವ, ಉದ್ದದ ಗಾಡಿ ಬೇಕು. ಹಗುರ ಬೈಕಿದ್ದರೆ ನಿಮ್ಮ ಕಾರಿಗೂ ರ‍್ಯಾಕ್ ನಡೆಯುತ್ತದೆ. ಹಿಚ್ ಮಿತಿಯ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ನಾನು ರ‍್ಯಾಕ್‌ಗೆ ಹೇರಲು ಹೇಳುವುದಿಲ್ಲ. 159ರಲ್ಲಿ ಅದು 106 ಕೆ.ಜಿ. ಇಪ್ಪತ್ತು ಕೆ.ಜಿ. ಸುಮಾರಿನ ಅಲ್ಯೂಮಿನಿಯಂ ರ‍್ಯಾಕ್ ಹಾಕಿದರೆ ಎಪ್ಪತ್ತು ಕೆ.ಜಿ. ಆಸುಪಾಸಿನ ಟ್ರಯಲ್ಸ್ ಬೈಕು, ಮಕ್ಕಳ ಬೈಕು ಆರಾಮಾಗಿ ಹೋಗುತ್ತವೆ. 105 ಕೆ.ಜಿ. ತೂಗುವ ಮೋಟೋಕ್ರಾಸ್ ಬೈಕೂ ಆ ಲೆಕ್ಕಕ್ಕೆ ಬರುವುದಿಲ್ಲ. ಮುಂಚಕ್ರ ಮಾತ್ರ ಹಿಚ್ ಮೇಲೆ ಎತ್ತಿ ಹಿಂಚಕ್ರವನ್ನು ರಸ್ತೆಯಲ್ಲಿ ಉರುಳಿಸಿಕೊಂಡು ಹೋಗುವ ಸಾಧನವೂ ಇದೆ. ಹಿಂಚಕ್ರ ಉರುಳಿದರೆ ಚೈನು ತಿರುಗುತ್ತದೆ, ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸ್‌ಗೆ ಸರಿಯಾಗಿ ಆಯಿಲ್ ಸಿಗುವುದಿಲ್ಲ. ಚೈನು ಬಿಚ್ಚಿಯೇ ಎಳೆಯಬೇಕು. ದೂರದ ಪ್ರಯಾಣಕ್ಕೆ ನನಗೆ ಅದು ಇಷ್ಟವಿಲ್ಲ.

ಇನ್ನು ಕಟ್ಟುವ ವಿಚಾರ. ಟ್ರೇಲರ್ ಆದರೂ ರ‍್ಯಾಕ್ ಆದರೂ ಇದು ಬೇಕೇ ಬೇಕು. ಒಂದು ವ್ಯತ್ಯಾಸ ಮೊದಲೇ ಗೊತ್ತಿರಲಿ. ಟ್ರೇಲರ್‌ನಲ್ಲಿ ಬೈಕು ಮುಂದಕ್ಕೆ ಮುಖ ಮಾಡಿ ನಿಂತಿರುತ್ತದೆ. ಬ್ರೇಕ್ ಹಾಕಿದಾಗ ಅದರ ಚಕ್ರ ಚಾಕ್‌ಗೆ ಒತ್ತಿಕೊಳ್ಳುತ್ತದೆ. ರ‍್ಯಾಕ್‌ನಲ್ಲಿ ಬೈಕು ಅಡ್ಡ ನಿಂತಿದೆ. ನೀವು ಬ್ರೇಕ್ ಹಾಕಿದರೆ ಅದು ಕಾರಿನ ಮೇಲೆ ಒರಗಲು ನೋಡುತ್ತದೆ, ಎಕ್ಸಲರೇಟರ್ ಒತ್ತಿದರೆ ಆಚೆ ಬೀಳಲು ನೋಡುತ್ತದೆ. ಆ ಎರಡೂ ದಿಕ್ಕಿನಲ್ಲಿ ರ‍್ಯಾಕ್ ಅಗಲ ಕಡಿಮೆ. ಹಾಗಾಗಿ ಸ್ಟ್ರಾಪ್ ಹೆಚ್ಚು ಕಡಿಮೆ ನೆಟ್ಟಗೆ ಕೆಳಗೆ ಇಳಿಯುತ್ತದೆ, ಪಕ್ಕಕ್ಕೆ ಹಿಡಿಯುವ ಶಕ್ತಿ ಸಾಲುವುದಿಲ್ಲ. ಒಳ್ಳೆಯ ರ‍್ಯಾಕ್‌ಗಳಿಗೆ ಕಟ್ಟುವ ಕೊಂಡಿಗಳನ್ನು ಹೊರಕ್ಕೆ ಚಾಚಿದ ಅಡ್ಡಪಟ್ಟಿಯ ಮೇಲೆ ಕೊಟ್ಟಿರುತ್ತಾರೆ. ಕೊಳ್ಳುವಾಗ ಅದನ್ನು ನೋಡಿ.

ಮುಂದೆ ಎರಡು, ಹಿಂದೆ ಎರಡು ಸ್ಟ್ರಾಪ್. ಮುಂದಿನವು ಫೋರ್ಕ್‌ನ ಕೆಳ ಕ್ಲಾಂಪಿಗೆ ಮೆತ್ತನೆಯ ಲೂಪ್ ಹಾಕಿ ಇಳಿಯಲಿ. ಹ್ಯಾಂಡಲ್ ತುದಿಗೆ ಕಟ್ಟಿದರೆ ಹ್ಯಾಂಡಲ್ ತಿರುಗಿಕೊಳ್ಳುತ್ತದೆ. ಎರಡೂ ಚಕ್ರವನ್ನು ರ‍್ಯಾಕ್‌ನ ಹಳಿಗೆ ಬೇರೆ ಬೆಲ್ಟ್‌ನಿಂದ ಬಿಗಿಯಿರಿ. ತಿರುವಿನಲ್ಲಿ ಬೈಕು ಉದ್ದಕ್ಕೆ ಜಾರದಂತೆ ಹಿಡಿಯುವುದು ಅವೇ. ಸೈಡ್ ಸ್ಟ್ಯಾಂಡ್ ಮೇಲಕ್ಕೆ. ಬೈಕನ್ನು ರ‍್ಯಾಕ್‌ಗೇ ಕಟ್ಟಿ, ಕಾರಿಗಲ್ಲ. ಕಾರೂ ರ‍್ಯಾಕೂ ಬೇರೆ ಬೇರೆ ಆಡುತ್ತವೆ, ನಡುವೆ ಕಟ್ಟಿದ ಸ್ಟ್ರಾಪ್ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತದೆ. ಸ್ಟ್ರಾಪ್ ಮೇಲೆ ಎರಡು ಅಂಕಿ ಇರುತ್ತವೆ: ಹರಿಯುವ ಭಾರ, ಬಳಸುವ ಭಾರ. ಬಳಸುವ ಭಾರ ಸಾಮಾನ್ಯವಾಗಿ ಹರಿಯುವ ಭಾರದ ಮೂರನೇ ಒಂದು ಭಾಗ. ಲೆಕ್ಕಕ್ಕೆ ತಗೊಳ್ಳಬೇಕಾದ್ದು ಅದನ್ನೇ. ನೈಲಾನ್ ನೆನೆದರೆ ಹಿಗ್ಗುತ್ತದೆ, ಪಾಲಿಯೆಸ್ಟರ್ ವಾಸಿ. ಕೊಕ್ಕೆಗೆ ಮುಚ್ಚುವ ನಾಲಿಗೆ ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಒಂದು ಕುಲುಕಿಗೆ ಕಳಚಿಕೊಳ್ಳಬಹುದು.

ಫೋರ್ಕ್ ಬಗ್ಗೆ ನಿಮ್ಮ ಭಯ ಅರ್ಧ ಸರಿ. ಸ್ಪ್ರಿಂಗ್ ಒತ್ತಿಕೊಂಡು ಒಂದೆರಡು ದಿನ ಇದ್ದರೆ ಮೆತ್ತಗಾಗುವುದಿಲ್ಲ. ಬೈಕು ನಿಂತಿರುವಷ್ಟು ಕಾಲವೂ ಆ ಸ್ಪ್ರಿಂಗ್ ಭಾರ ಹೊತ್ತೇ ಇರುತ್ತದೆ. ಆದರೆ ಹಿಡಿ ಆಡಿಸಿ ಬಿಗಿಯುವ ರಾಟ್ಚೆಟ್ ಸ್ಟ್ರಾಪ್ ಹಾಕಿ ಫೋರ್ಕ್ ಪೂರ್ತಿ ಕೂರುವ ತನಕ ಎಳೆದರೆ ಮುಂದಿನ ಕುಲುಕಿಗೆ ಅದು ಹೋಗಲು ಜಾಗವೇ ಇರುವುದಿಲ್ಲ. ಆ ಹೊಡೆತ ಸೀಲ್‌ಗೆ, ಸ್ಟ್ರಾಪ್‌ಗೆ, ರ‍್ಯಾಕ್‌ಗೆ ಹೋಗುತ್ತದೆ. ಫೋರ್ಕ್ ತನ್ನ ಓಟದ ಮೂರನೇ ಒಂದರಿಂದ ಅರ್ಧದಷ್ಟು ಇಳಿದರೆ ಸಾಕು. ಕೈಯಲ್ಲಿ ಎಳೆದು ಬಿಗಿಯುವ ಕ್ಯಾಮ್ ಬಕಲ್ ಸ್ಟ್ರಾಪ್‌ನಲ್ಲಿ ಅತಿಯಾಗುವ ಭಯ ಕಡಿಮೆ. ಮಣ್ಣಿನ ಬೈಕಿಗೆ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಇಡುವ ಬ್ಲಾಕ್ ಸಿಗುತ್ತದೆ, ಅದನ್ನಿಟ್ಟರೆ ಎಷ್ಟು ಎಳೆದರೂ ಫೋರ್ಕ್ ಅಲ್ಲಿಗೇ ನಿಲ್ಲುತ್ತದೆ. ಗೇರ್‌ನಲ್ಲಿ ಇಡಿ, ತೊಂದರೆ ಇಲ್ಲ, ಆದರೆ ಬೈಕನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಗೇರ್‌ಗೆ ಬಿಡಬೇಡಿ. ಕಾರ್ಬ್ಯುರೇಟರ್ ಬೈಕಾದರೆ ಪೆಟ್ರೋಲ್ ಕಾಕ್ ಮುಚ್ಚಿ.

ಕಾರಿನ ಸೈಲೆನ್ಸರ್ ಎಲ್ಲಿ ಉಸಿರು ಬಿಡುತ್ತದೆ ಅಂತ ಬಗ್ಗಿ ನೋಡಿ. ಅದರ ನೇರಕ್ಕೆ ಬೈಕಿನ ಟೈರ್ ಬಂದಿದ್ದರೆ ದೂರದ ಓಟದಲ್ಲಿ ಸುಟ್ಟೇ ಹೋಗುತ್ತದೆ. ಒಂದು ಬೈಕಿನ ಟೈರ್ ನೋಡಿದ್ದೆ. ಅಂಗೈ ಅಗಲದ ಜಾಗದಲ್ಲಿ ರಬ್ಬರ್ ಹೊಳಪಾಗಿ, ಗುಳ್ಳೆ ಎದ್ದು, ಅಂಚಿನಲ್ಲಿ ಒಳಗಿನ ದಾರ ಹೊರಗೆ ಬಂದಿತ್ತು. ಉಳಿದ ಸುತ್ತು ಹೊಸದರ ಹಾಗೇ ಇತ್ತು. ಪಕ್ಕದಲ್ಲೇ ಹಾದುಹೋಗಿದ್ದ ಸ್ಟ್ರಾಪ್ ಮುಟ್ಟಿದರೆ ಪುಡಿಯಾಗುತ್ತಿತ್ತು. ಟೈರ್‌ಗಿಂತ ನನಗೆ ಗಾಬರಿ ಹುಟ್ಟಿಸಿದ್ದು ಆ ಸ್ಟ್ರಾಪ್. ಹೊಗೆಯನ್ನು ಕೆಳಕ್ಕೆ ತಿರುಗಿಸುವ ಮೊಣಕೈ ಕೊಳವೆ ಹಾಕಿದರೆ ಇದು ತಪ್ಪುತ್ತದೆ.

ಬೈಕಿನ ಉದ್ದ ಸಾಮಾನ್ಯವಾಗಿ 2 ಮೀಟರಿಗಿಂತ ಜಾಸ್ತಿ, ಕಾರಿನ ಅಗಲ 1.8–1.9 ಮೀ. ಅಂದರೆ ರ‍್ಯಾಕ್‌ನಲ್ಲಿ ಎರಡೂ ಕಡೆ ಚಕ್ರ ಹೊರಗೆ ಚಾಚುತ್ತದೆ. ಬ್ರೇಕ್ ಲೈಟು, ಇಂಡಿಕೇಟರ್, ನಂಬರ್ ಪ್ಲೇಟು ಮರೆಯಾಗುತ್ತವೆ. ಬಹಳಷ್ಟು ಕಡೆ ಕಾನೂನು ಇದನ್ನು ಒಪ್ಪುವುದಿಲ್ಲ. ಪ್ರತ್ಯೇಕ ಲೈಟ್ ಬೋರ್ಡ್ ಬೇಕಾಗುತ್ತದೆ. ಹಿಂದಿನ ಸೆನ್ಸರ್ ಬೈಕನ್ನೇ ಗೋಡೆ ಅಂದುಕೊಂಡು ರಿವರ್ಸ್‌ನಲ್ಲಿ ತಾನಾಗಿ ಬ್ರೇಕ್ ಹಾಕಬಹುದು, ಅದನ್ನು ಆಫ್ ಮಾಡುವುದು ಹೇಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಹೊರಟ ಮೇಲೆ ಮೊದಲ ಹತ್ತು ಹದಿನೈದು ಕಿಲೋಮೀಟರಿಗೆ ನಿಲ್ಲಿಸಿ ಪ್ರತಿ ಸ್ಟ್ರಾಪ್ ಕೈಯಲ್ಲಿ ಎಳೆದು ನೋಡಿ. ಸಸ್ಪೆನ್ಷನ್ ಕೂತು ಸ್ಟ್ರಾಪ್ ಸಡಿಲವಾಗುವುದು ಆ ಮೊದಲ ಹಂತದಲ್ಲೇ ಜಾಸ್ತಿ. ಆಮೇಲೆ ಪೆಟ್ರೋಲ್ ಹಾಕಿಸಲು ನಿಂತಾಗಲೆಲ್ಲ ಒಂದು ಸಲ. ಕಾರಿನ ಹಿಂದಿನ ಟೈರ್‌ಗಳಿಗೆ ಬಾಗಿಲ ಪಕ್ಕದ ಪಟ್ಟಿಯಲ್ಲಿ ಪೂರ್ತಿ ಭಾರಕ್ಕೆ ಹೇಳಿರುವಷ್ಟು ಗಾಳಿ ಇರಲಿ. ಸಾಮಾನನ್ನು ಡಿಕ್ಕಿಗಿಂತ ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಇಡಿ.

ನೀವು ತಂದ ರ‍್ಯಾಕ್ ವಾಪಸ್ ಕೊಡಲು ಆದರೆ ಕೊಡಿ. ಆಗದಿದ್ದರೆ ತಕ್ಕ ಗಾಡಿ ಇರುವವರಿಗೆ ಮಾರಿ. ಮಾರುವಾಗಲೂ ನಿಮ್ಮ ಹಿಚ್‌ನ ಅಂಕಿ ಮತ್ತು ಆ ಒಂದು ಸುತ್ತಿನ ಅನುಭವ ಅವರಿಗೆ ಹೇಳಿ. ಕೊಳ್ಳುವವರು ನೋಡಬೇಕಾದ ಜಾಗ ಒಂದೇ: ಉದ್ದ ದಂಡವೂ ಅಡ್ಡ ಹಳಿಯೂ ಸೇರುವ ವೆಲ್ಡ್. ಅದನ್ನು ಒರೆಸಿ, ಟಾರ್ಚ್ ಹಾಕಿ ನೋಡಲಿ. ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳು ಕಂದು ಗೆರೆ ಕಂಡರೆ ಕೆಳಗೆ ಲೋಹ ಬಿರಿಯುತ್ತಿದೆ ಅಂತಲೇ ಅರ್ಥ. ಅಂಥ ರ‍್ಯಾಕ್‌ಗೆ ಮೇಲೆ ಇನ್ನೊಂದು ವೆಲ್ಡ್ ಹಾಕಿಸಿ ಬಳಸುವುದು ಬೇಡ, ಗುಜರಿಗೆ ಹಾಕಲಿ. ಪಿನ್‌ನ ತೂತು ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೂ ಹಾಗೇ ಮಾಡಬೇಕು.